ಕನ್ನಿಮಾರಾದ ಕನ್ನಡ ಕಪಾಟು

ಸಾರ್ವಜನಿಕ ಗ್ರಂಥಾಲಯದ ಮಾತೆತ್ತಿದರೆ ಸಾಕು, ನಮ್ಮವರಲ್ಲಿ ಇಬ್ಬರು ತಪ್ಪದೆ ಬಾಯಿ ಹಾಕುತ್ತಾರೆ. ಒಬ್ಬರು, "ಈಗ ಯಾರು ಸ್ವಾಮಿ ಓದುತ್ತಾರೆ, ಎಲ್ಲಾ ಮೊಬೈಲಿನಲ್ಲೇ ಮುಗಿದುಹೋಯಿತು" ಎನ್ನುವವರು. ಇನ್ನೊಬ್ಬರು, "ಗ್ರಂಥಾಲಯ ತುಂಬಿ ತುಳುಕುತ್ತಿದೆ, ನೀವು ಹೋಗಿ ನೋಡಿಲ್ಲ ಅಷ್ಟೆ" ಎನ್ನುವವರು. ನಮ್ಮ ಚೆನ್ನೈಯ ಮಟ್ಟಿಗೆ ಹೇಳುವುದಾದರೆ ಇಬ್ಬರ ಮಾತೂ ನಿಜ. ಕೋಟ್ಟೂರುಪುರದ ಅಣ್ಣಾ ಶತಮಾನೋತ್ಸವ ಗ್ರಂಥಾಲಯಕ್ಕಾಗಲಿ, ಎಗ್ಮೋರಿನ ಕನ್ನಿಮಾರಾ ಗ್ರಂಥಾಲಯಕ್ಕಾಗಲಿ ಹೋಗಿ ನೋಡಿದರೆ ಕುರ್ಚಿಗಳಲ್ಲಿ ತರುಣ ತರುಣಿಯರು ತಲೆ ತಗ್ಗಿಸಿ ಕೂತಿರುತ್ತಾರೆ. ಅವರ ಮುಂದಿರುವ ಪುಸ್ತಕಗಳಲ್ಲಿ ಬಹುಪಾಲು ಅವರೇ ಮನೆಯಿಂದ ಚೀಲದಲ್ಲಿ ಹೊತ್ತು ತಂದವು: ಸರ್ಕಾರಿ ಉದ್ಯೋಗ ಪರೀಕ್ಷೆಯ ಗೈಡುಗಳು, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ಬರೆದು ಬರೆದು ಮೂಲೆ ಮಡಿಚಿಹೋದ ನೋಟುಬುಕ್ಕು. ಅಣ್ಣಾ ಗ್ರಂಥಾಲಯದಲ್ಲಂತೂ ಸ್ವಂತ ಪುಸ್ತಕ ತಂದು ಓದುವವರಿಗೆಂದೇ ಪ್ರತ್ಯೇಕ ವಿಭಾಗವುಂಟು. ಕನ್ನಿಮಾರಾದಲ್ಲಿ ನಾಗರಿಕ ಸೇವಾ ಪರೀಕ್ಷೆಗೆ ಸಿದ್ಧವಾಗುವವರ ಅಧ್ಯಯನ ಕೇಂದ್ರವಿದೆ. 2024ರಲ್ಲಿ ಕೊಳತ್ತೂರಿನಲ್ಲಿ ತೆರೆದ "ಮುದಲ್ವರ್ ಪಡೈಪ್ಪಗಂ" ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಓದುವ ವಿದ್ಯಾರ್ಥಿಗೂ ಲ್ಯಾಪ್‌ಟಾಪ್ ಹಿಡಿದು ಕೆಲಸ ಮಾಡುವ ಉದ್ಯೋಗಿಗೂ ಅಲ್ಪ ಶುಲ್ಕಕ್ಕೆ ಮೇಜು ಕುರ್ಚಿ ಒದಗಿಸುತ್ತಿದೆ.

ಅಂದರೆ ಪುಸ್ತಕವನ್ನು ಎರವಲು ಕೊಡುತ್ತಿದ್ದ ಸಂಸ್ಥೆ ಈಗ ಜಾಗವನ್ನು ಎರವಲು ಕೊಡುವ ಸಂಸ್ಥೆಯಾಗುತ್ತಿದೆ.

ಇದನ್ನು ಕಂಡು ಹಿರಿಯರು ನಿಟ್ಟುಸಿರಿಡುತ್ತಾರೆ. "ಇದು ಗ್ರಂಥಾಲಯವೋ ಟ್ಯೂಷನ್ ಕ್ಲಾಸೋ" ಎಂಬ ಕುಹಕವೂ ಕೇಳಿಬರುತ್ತದೆ. ಈ ನಿಟ್ಟುಸಿರಿನಲ್ಲಿ ನಾವು ಪಾಲ್ಗೊಳ್ಳಲಾರೆವು. ಒಂದೇ ಕೋಣೆಯ ಬಾಡಿಗೆ ಮನೆ, ಮೂಲೆಯಲ್ಲಿ ಟೀವಿ, ಇನ್ನೊಂದು ಮೂಲೆಯಲ್ಲಿ ಅಡಿಗೆ, ನಡುವೆ ಮಗುವಿನ ಅಳು - ಇಂಥಲ್ಲಿ ಕೂತು ಪರೀಕ್ಷೆಗೆ ಓದುವುದೆಂದರೇನೆಂದು ವಲಸೆ ಬಂದ ಕುಟುಂಬಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದ ನಮ್ಮ ಹುಡುಗರು ರಾತ್ರಿ ಹೋಗಿ ಕೂತದ್ದು ಕನ್ನಡ ರಾತ್ರಿ ಶಾಲೆಗಳ ಬೆಂಚಿನ ಮೇಲೆ. ಅಲ್ಲಿ ಅವರಿಗೆ ಸಿಕ್ಕಿದ ಭಾಗ್ಯದಲ್ಲಿ ಪಾಠ ಅರ್ಧ, ಉಳಿದರ್ಧ ದೀಪವಿರುವ ಒಂದು ಕೋಣೆ. ಇಂದು ಒಂದು ಹೆಣ್ಣುಮಗಳು ಬೆಳಗಿನಿಂದ ಸಂಜೆಯವರೆಗೆ, ಯಾರಿಂದಲೂ "ಇಲ್ಲೇಕೆ ಕೂತೆ" ಎನ್ನಿಸಿಕೊಳ್ಳದೆ, ಬೆಳಕು, ಫ್ಯಾನು, ಕುಡಿಯುವ ನೀರು, ಶೌಚಾಲಯ ಇರುವ ಕಡೆ ಹಣ ಕೊಡದೆ ಕೂರಬಹುದಾದ ಜಾಗ ಈ ಮಹಾನಗರದಲ್ಲಿ ಇನ್ನೆಷ್ಟಿವೆ? ದೇವಸ್ಥಾನದಲ್ಲಿ ನೋಟುಬುಕ್ಕು ಬಿಡಿಸಿ ಕೂರಲಾಗದು. ಕಾಫಿ ಹೋಟೆಲಿನಲ್ಲಿ ಎರಡನೆಯ ಕಾಫಿ ಹೇಳದಿದ್ದರೆ ಮಾಣಿ ಬಂದು ಮೇಜು ಒರೆಸತೊಡಗುತ್ತಾನೆ. ಗ್ರಂಥಾಲಯ ಜಾಗ ಕೊಟ್ಟರೆ ಅದು ಸರಿಯಾದ ಕೆಲಸವನ್ನೇ ಮಾಡಿದೆ.

ನಮ್ಮ ಆಕ್ಷೇಪಣೆ ಇರುವುದು ಬೇರೆಡೆ. ಅದನ್ನು ಹೇಳುವ ಮುನ್ನ ಈ ಊರಿನ ಗ್ರಂಥಾಲಯದ ಕಥೆಯನ್ನು ಸ್ವಲ್ಪ ನೋಡಬೇಕು. ಅದರಲ್ಲಿ ಕನ್ನಡದವರ ಪಾಲೂ ಉಂಟು, ಅದು ಬಹುಮಂದಿಗೆ ಮರೆತುಹೋಗಿದೆ.

ಕನ್ನಿಮಾರಾ ಎಂಬುದು ಮದರಾಸಿನ ಗವರ್ನರಾಗಿದ್ದ ಲಾರ್ಡ್ ಕಾನೆಮಾರಾರ ಹೆಸರು ತಮಿಳು ನಾಲಗೆಯಲ್ಲಿ ನುಣುಪಾಗಿ ಉಳಿದ ರೂಪ. (ಗವರ್ನರುಗಳ ಹೆಸರು ಜನರ ಬಾಯಲ್ಲಿ ಹೀಗೆ ಮನೆಮಗಳ ಹೆಸರಿನಂತಾಗುವುದು ಅಪರೂಪ.) 1890ರಲ್ಲಿ ಶಂಕುಸ್ಥಾಪನೆಯಾಗಿ 1896ರ ಡಿಸೆಂಬರಿನಲ್ಲಿ ಬಾಗಿಲು ತೆರೆದ ಈ ಕಟ್ಟಡ ನಿಂತಿರುವುದು ಎಗ್ಮೋರಿನ ವಸ್ತುಸಂಗ್ರಹಾಲಯದ ಆವರಣದಲ್ಲಿ. ಅದರ ಮೊದಲ ಬಂಡವಾಳವೂ, ಇಂಗ್ಲೆಂಡಿನಲ್ಲಿ ಕಂಪನಿಯ ಸಿವಿಲ್ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ಹೈಲೀಬರಿ ಕಾಲೇಜಿನಲ್ಲಿ ಹೆಚ್ಚಾಗಿ ಉಳಿದು ಮದರಾಸಿಗೆ ಬಂದು, ವಸ್ತುಸಂಗ್ರಹಾಲಯದ ಪಾಲಾಗಿದ್ದ ಪುಸ್ತಕಗಳೇ. ಆಗಿನ ಕಲ್ಪನೆಯಲ್ಲಿ ಪುಸ್ತಕವೂ ಕಂಚಿನ ವಿಗ್ರಹದ ಹಾಗೆ ಕಾಯ್ದಿಡಬೇಕಾದ ವಸ್ತು, ಓದುಗನೆಂದರೆ ಕೊಂಚ ಸಂಶಯದಿಂದ ನೋಡಬೇಕಾದ ಪ್ರಾಣಿ.

ಈ ಕಲ್ಪನೆಯನ್ನು ಬುಡಮೇಲು ಮಾಡಿದವರು ಒಬ್ಬ ಗಣಿತದ ಮೇಷ್ಟರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಎಸ್. ಆರ್. ರಂಗನಾಥನ್ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲವೇ ದಿನಗಳಲ್ಲಿ ಬೇಸರ ಹಿಡಿದು "ನನ್ನ ಕ್ಲಾಸಿಗೆ ನನ್ನನ್ನು ಹಿಂದಕ್ಕೆ ಕಳಿಸಿ" ಎಂದು ಕೇಳಿಕೊಂಡರಂತೆ. ಲಂಡನ್ನಿಗೆ ಹೋಗಿ ಬಾ, ಆಮೇಲೆ ನೋಡೋಣ ಎಂದಿತು ವಿಶ್ವವಿದ್ಯಾಲಯ. ಅಲ್ಲಿ ಕಾಲೇಜಿನಲ್ಲಿ ಕಲಿತದ್ದಕ್ಕಿಂತ, ಊರೂರಿನ ಗ್ರಂಥಾಲಯಗಳಲ್ಲಿ ಅಂಗಡಿಯವನೂ ಹೆಂಗಸರೂ ಮಕ್ಕಳೂ ಸಲೀಸಾಗಿ ಒಳಗೆ ಬಂದು ಪುಸ್ತಕ ಹಿಡಿದು ಹೋಗುವುದನ್ನು ಕಂಡದ್ದು ಅವರ ಮನಸ್ಸನ್ನು ತಿರುಗಿಸಿತು. ಹಿಂದಿರುಗಿದವರು ಮತ್ತೆ ಗಣಿತದ ತರಗತಿಯ ಕಡೆ ನೋಡಲಿಲ್ಲ. 1931ರಲ್ಲಿ ಪ್ರಕಟವಾದ ಅವರ ಐದು ಸೂತ್ರಗಳು ಇಂದು ಜಗತ್ತಿನ ಎಲ್ಲೆಡೆ ಗ್ರಂಥಾಲಯ ಶಾಸ್ತ್ರದ ಮೊದಲ ಪಾಠ. ಪುಸ್ತಕವನ್ನು ಕಾಯುವುದಕ್ಕಿಂತ ಬಳಸುವುದು ಮುಖ್ಯ ಎಂಬಲ್ಲಿಂದ ಅವು ಹೊರಡುತ್ತವೆ. ಎರಡನೆಯದು ಓದುಗನ ಪರವಾಗಿ ವಾದಿಸಿದರೆ ಮೂರನೆಯದು ಪುಸ್ತಕದ ಪರವಾಗಿ ವಾದಿಸುತ್ತದೆ: ಕಪಾಟಿನಲ್ಲಿರುವ ಒಂದೊಂದು ಪುಸ್ತಕಕ್ಕೂ ಎಲ್ಲೋ ಒಬ್ಬ ಓದುಗ ಇದ್ದಾನೆ, ಅವನನ್ನು ಹುಡುಕಿ ಕೊಡುವ ಹೊಣೆ ಗ್ರಂಥಾಲಯದ್ದು. ನಮ್ಮ ಮಟ್ಟಿಗೆ ಈ ಮೂರನೆಯದೇ ಬಹಳ ಮುಖ್ಯ. ಅದೇ 1931ರಲ್ಲಿ ಮನ್ನಾರ್‌ಗುಡಿಯ ಕಡೆ ಕನಕಸಭೈ ಪಿಳ್ಳೆ ಎಂಬವರು ಎತ್ತಿನ ಗಾಡಿಯಲ್ಲಿ ಪುಸ್ತಕ ತುಂಬಿ ಹಳ್ಳಿಹಳ್ಳಿಗೆ ಕಳಿಸಿದರು. ಆ ಗಾಡಿಗೆ ಚಾಲನೆ ಕೊಟ್ಟವರೂ ರಂಗನಾಥನ್ನರೇ. ಓದುಗ ಬರುವವರೆಗೆ ಕಾಯುತ್ತ ಕೂರುವ ಜಾಯಮಾನದವರಲ್ಲ ಅವರು.

ಅವರ ಒತ್ತಾಯದ ಫಲವಾಗಿ ಬಂದದ್ದು 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾನೂನು. ಸ್ವತಂತ್ರ ಭಾರತದ ರಾಜ್ಯಗಳಲ್ಲಿ ಇದೇ ಮೊದಲನೆಯದು. 1950ರಲ್ಲಿ ಜಾರಿಗೆ ಬಂದಾಗ ಕನ್ನಿಮಾರಾ ರಾಜ್ಯದ ಕೇಂದ್ರ ಗ್ರಂಥಾಲಯವಾಯಿತು, ಜಿಲ್ಲೆಗೊಂದರಂತೆ ಸ್ಥಳೀಯ ಗ್ರಂಥಾಲಯ ಪ್ರಾಧಿಕಾರ ಹುಟ್ಟಿತು. ಈ ಕಾನೂನಿನ ಜೀವ ಇರುವುದು ಒಂದು ಸಣ್ಣ ಕಲಮಿನಲ್ಲಿ: ಮನೆ ತೆರಿಗೆಯ ಜತೆಗೆ ಗ್ರಂಥಾಲಯಕ್ಕಾಗಿ ಒಂದು ಮೇಲ್ತೆರಿಗೆ. ತಮಿಳುನಾಡಿನಲ್ಲಿ ಇಂದು ಅದು ರೂಪಾಯಿಗೆ 10 ಪೈಸೆ. ಆಸ್ತಿ ತೆರಿಗೆ ಕಟ್ಟುವ ಪ್ರತಿಯೊಬ್ಬರೂ ಇದನ್ನು ಕೊಡುತ್ತಾರೆ. ಬಾಡಿಗೆ ಮನೆಯಲ್ಲಿರುವವರು ಮನೆಯೊಡೆಯರ ಮೂಲಕ ಕೊಡುತ್ತಾರೆ. ತೆರಿಗೆಯ ಚೀಟಿ ಮಾತೃಭಾಷೆ ಯಾವುದೆಂದು ಕೇಳುವುದಿಲ್ಲ. ಧರ್ಮಾರ್ಥ ವಾಚನಾಲಯದಲ್ಲಿ ಓದುಗ ಉಪಕಾರ ಪಡೆದವನು. ಕರ ಕೊಟ್ಟು ನಡೆಸುವ ಗ್ರಂಥಾಲಯದಲ್ಲಿ ಅವನಿಗೆ ಕೇಳುವ ಹಕ್ಕುಂಟು. ಮುಂಬಯಿ, ಪುಣೆಯ ನಮ್ಮ ಬಂಧುಗಳ ಪರಿಸ್ಥಿತಿ ಬೇರೆ. ಮಹಾರಾಷ್ಟ್ರದ 1967ರ ಕಾನೂನಿನಲ್ಲಿ ಇಂಥ ಕರವಿಲ್ಲ, ಸಂಘ ಸಂಸ್ಥೆಗಳು ನಡೆಸುವ ಗ್ರಂಥಾಲಯಗಳಿಗೆ ಸರ್ಕಾರ ಅನುದಾನ ಕೊಡುತ್ತದೆ.

ಇನ್ನೊಂದು ಸಂಗತಿ. 1948ರಲ್ಲಿ ಮದರಾಸು ಪ್ರಾಂತವೆಂದರೆ ಬರೀ ತಮಿಳುನಾಡಾಗಿರಲಿಲ್ಲ. ದಕ್ಷಿಣ ಕನ್ನಡ ಅದರಲ್ಲಿತ್ತು, ಬಳ್ಳಾರಿ ಇತ್ತು, ಕೊಳ್ಳೇಗಾಲ ಇತ್ತು. ಬಳ್ಳಾರಿ 1953ರಲ್ಲಿಯೂ ಮಿಕ್ಕವು 1956ರಲ್ಲಿಯೂ ಮೈಸೂರಿಗೆ ಸೇರಿದವು. ಹೀಗೆ, ಮೈಸೂರು ರಾಜ್ಯ ತನ್ನ ಗ್ರಂಥಾಲಯ ಕಾನೂನನ್ನು 1965ರಲ್ಲಿ ಮಾಡುವುದಕ್ಕೆ ಎಷ್ಟೋ ಮುಂಚೆಯೇ ಕನ್ನಡನಾಡಿನ ಒಂದು ಭಾಗ ಮದರಾಸಿನ ಈ ಕಾನೂನಿಗೆ ಒಳಪಟ್ಟಿತ್ತು. ಅಷ್ಟೇ ಅಲ್ಲ, 1867ರ ಅಚ್ಚುಕೂಟ ಕಾನೂನಿನ ಪ್ರಕಾರ ಮಂಗಳೂರಿನಲ್ಲಿ ಮುದ್ರಣವಾದ ಪುಸ್ತಕ ನೋಂದಣಿಗಾಗಿ ಬರಬೇಕಾಗಿದ್ದದ್ದು ಮದರಾಸು ಸರ್ಕಾರಕ್ಕೆ. ಕಿಟೆಲ್ಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ ಅದೂ ಮದರಾಸು ಪ್ರಾಂತದ ಪುಸ್ತಕವೇ. ಕಾರಂತರು ಪುತ್ತೂರಿನಲ್ಲಿ ಕೂತು ಬರೆಯುತ್ತಿದ್ದ ದಿನಗಳಲ್ಲಿ ಪುತ್ತೂರು ಮದರಾಸಿನದು. ಮಂಜೇಶ್ವರದ ಗೋವಿಂದ ಪೈಗಳನ್ನು ರಾಷ್ಟ್ರಕವಿಯೆಂದು 1949ರಲ್ಲಿ ಗೌರವಿಸಿದ್ದು ಮದರಾಸು ಸರ್ಕಾರ. ಕಿಟೆಲ್ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದಾಗ, 1968ರಿಂದ 1971ರವರೆಗೆ ಅದರ ಸಂಪುಟಗಳನ್ನು ಹೊರತಂದದ್ದು ಮದರಾಸು ವಿಶ್ವವಿದ್ಯಾಲಯ. ಈ ಊರಿನ ಗ್ರಂಥಾಲಯದೊಳಗೆ ಕನ್ನಡ ನಿನ್ನೆ ಮೊನ್ನೆ ಬಂದ ನೆಂಟನಲ್ಲ.

ಈಗ ಕಪಾಟಿನ ವಿಷಯ. 1954ರಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಕಾನೂನು ಮಾಡಿತು. ಭಾರತದಲ್ಲಿ ಯಾವ ಭಾಷೆಯಲ್ಲಿ ಪುಸ್ತಕ ಪ್ರಕಟವಾದರೂ ಪ್ರಕಾಶಕನು 30 ದಿನಗಳೊಳಗೆ ತನ್ನ ಖರ್ಚಿನಲ್ಲಿ ಒಂದೊಂದು ಪ್ರತಿಯನ್ನು ಗೊತ್ತಾದ ಗ್ರಂಥಾಲಯಗಳಿಗೆ ಕಳಿಸಬೇಕು. ಅವು ನಾಲ್ಕು: ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯ, ಮುಂಬಯಿಯ ಕೇಂದ್ರ ಗ್ರಂಥಾಲಯ, ದಿಲ್ಲಿಯ ಸಾರ್ವಜನಿಕ ಗ್ರಂಥಾಲಯ, ನಮ್ಮ ಕನ್ನಿಮಾರಾ. ಓದುಗರು ಈ ಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು. ಇದರಲ್ಲಿ ಬೆಂಗಳೂರಿಲ್ಲ, ಧಾರವಾಡವಿಲ್ಲ. ಹೊರನಾಡ ಕನ್ನಡಿಗರು ಗುಂಪುಗುಂಪಾಗಿ ನೆಲೆಸಿರುವ ಊರುಗಳೇ ಇವೆ! ಬೆಂಗಳೂರಿನ ಗಾಂಧಿನಗರದ ಪ್ರಕಾಶಕನಾಗಲಿ, ಸಾಗರದ ಹೆಗ್ಗೋಡಿನ ಪ್ರಕಾಶಕನಾಗಲಿ ಕನ್ನಡದಲ್ಲಿ ಒಂದು ಕಥಾಸಂಕಲನ ತಂದರೆ ಅದರ ಒಂದು ಪ್ರತಿ ಎಗ್ಮೋರಿಗೆ ಬರತಕ್ಕದ್ದು. ಕನ್ನಿಮಾರಾದಲ್ಲಿ ತಮಿಳೇತರ ಭಾರತೀಯ ಭಾಷೆಗಳಿಗೆ ಪ್ರತ್ಯೇಕ ವಿಭಾಗವೂ ಉಂಟು.

ಎಲ್ಲರೂ ಕಳಿಸುತ್ತಾರೆಯೆ? ಇಲ್ಲ. ಕಳಿಸದವನಿಗೆ ಕಾನೂನು ಬರೆದಿಟ್ಟ ಶಿಕ್ಷೆ ಹೆಚ್ಚೆಂದರೆ 50 ರೂಪಾಯಿ ದಂಡ, ಜತೆಗೆ ಪುಸ್ತಕದ ಬೆಲೆ. ನಾಲ್ಕು ಊರುಗಳಿಗೆ ಅಂಚೆ ಮಾಡುವ ವೆಚ್ಚವೇ ಅದಕ್ಕಿಂತ ಹೆಚ್ಚಾದೀತು. ಆದರೂ ಕಳಿಸುವವರು ಕಳಿಸುತ್ತಲೇ ಇದ್ದಾರೆ, ಪುಸ್ತಕಗಳು ಬರುತ್ತಲೇ ಇವೆ. ಬಂದ ಮೇಲೆ ಅವುಗಳ ಗತಿಯೇನು ಎಂಬುದೇ ನಾವು ಎತ್ತಬೇಕಾದ ಪ್ರಶ್ನೆ.

ಜಾಗ ಕೊಡುವ ಗ್ರಂಥಾಲಯವೆಂಬ ಹೊಸ ಪಾತ್ರದ ಬಗ್ಗೆ ನಮ್ಮ ಆಕ್ಷೇಪಣೆ ಇಲ್ಲಿ ಬರುತ್ತದೆ. ಒಳಗೆ ಬಂದವರ ಸಂಖ್ಯೆಯಿಂದ ಗ್ರಂಥಾಲಯದ ಯಶಸ್ಸನ್ನು ಅಳೆಯತೊಡಗಿದರೆ ಕಪಾಟು ತನ್ನಷ್ಟಕ್ಕೆ ಅನಾಥವಾಗುತ್ತದೆ. ಕುರ್ಚಿ ತುಂಬಿದೆ, ಮಂತ್ರಿಗಳು ಬಂದು ನೋಡಿದಾಗ ಶೋಭಿಸುತ್ತದೆ. ಒಳಗೆ ಕೂತವನಿಗೆ ಬೇಕಾದ ಪುಸ್ತಕ ಅವನ ಚೀಲದಲ್ಲೇ ಇದೆ, ಗ್ರಂಥಪಾಲಕನನ್ನು ಅವನು ಕೇಳುವುದು ಫ್ಯಾನಿನ ಸ್ವಿಚ್ಚು ಎಲ್ಲಿದೆಯೆಂದು ಮಾತ್ರ. ಇಂಥ ಕಡೆ ಗ್ರಂಥಪಾಲಕನ ಹುದ್ದೆ ಖಾಲಿ ಬಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ, ಕಾವಲುಗಾರನಿದ್ದರೆ ಸಾಕು. ಹೊಸ ಪುಸ್ತಕ ಕೊಳ್ಳುವುದು ಒಂದು ವರ್ಷ ತಪ್ಪಿದರೆ ಗದ್ದಲವಾಗುವುದಿಲ್ಲ. ಕರವಾಗಿ ವಸೂಲಾದ ಹಣ ನಗರಸಭೆಯ ಖಜಾನೆಯಲ್ಲೇ ಉಳಿದು ಗ್ರಂಥಾಲಯಕ್ಕೆ ಸಕಾಲಕ್ಕೆ ತಲುಪದ ಸುದ್ದಿ ಇಲ್ಲಿಯೂ ಬೆಂಗಳೂರಿನಲ್ಲಿಯೂ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಕುರ್ಚಿಗಳು ತುಂಬಿರುವ ತನಕ ಅದು ಯಾರಿಗೂ ಚುರುಕು ಮುಟ್ಟಿಸುವುದಿಲ್ಲ.

ಇದರ ಪೆಟ್ಟು ಎಲ್ಲರಿಗೂ ಸಮನಾಗಿ ಬೀಳುವುದಿಲ್ಲವೆಂಬುದನ್ನು ಗಮನಿಸಬೇಕು. ತಮಿಳು ಓದುಗನಿಗೆ ಬೀದಿ ಬೀದಿಯಲ್ಲಿ ಅಂಗಡಿಯುಂಟು, ವರ್ಷಕ್ಕೊಮ್ಮೆ ದೊಡ್ಡ ಪುಸ್ತಕ ಮೇಳವುಂಟು. ಇಂಗ್ಲಿಷ್ ಓದುಗನಿಗೆ ಹೇಳುವುದೇ ಬೇಡ. ಸೊಸೆಯ ಹೆರಿಗೆಗೆಂದು ಶಿವಮೊಗ್ಗೆಯಿಂದ ಬಂದು ಇಲ್ಲೇ ಉಳಿದುಬಿಟ್ಟ ಅತ್ತೆಯವರಿಗೆ ತ್ರಿವೇಣಿಯವರ ಕಾದಂಬರಿಯೊಂದು ಬೇಕಾದರೆ? ಶಾಲೆಯಲ್ಲಿ ತಮಿಳನ್ನೋ ಹಿಂದಿಯನ್ನೋ ಕಲಿಯುತ್ತ, ಮನೆಯಲ್ಲಿ ಅಜ್ಜನ ಬಾಯಿಂದ ಕನ್ನಡದ ಅಕ್ಷರ ಕೂಡಿಸಿಕೊಂಡ ಹತ್ತು ವರ್ಷದ ಹುಡುಗನಿಗೆ ಒಂದು ತೆನಾಲಿ ರಾಮಕೃಷ್ಣನ ಕಥೆ ಬೇಕಾದರೆ? ಇಂಥವರಿಗೆ ಸ್ವಂತ ಪುಸ್ತಕ ತಂದು ಕೂತು ಓದುವ ಅನುಕೂಲದಿಂದ ಏನೂ ಆಗಬೇಕಾಗಿಲ್ಲ. ಅವರಿಗೆ ಬೇಕಾದದ್ದು ಆ ಕಪಾಟೇ.

2011ರಲ್ಲಿ ನಡೆದದ್ದು ಹಲವರಿಗೆ ನೆನಪಿರಬಹುದು. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಷ್ಟೇ, ಎಂಟು ಎಕರೆ ಜಾಗದಲ್ಲಿ, ಒಂಬತ್ತು ಅಂತಸ್ತಿನ ಅಣ್ಣಾ ಗ್ರಂಥಾಲಯ ತೆರೆದಿತ್ತು. ಸರ್ಕಾರ ಬದಲಾಯಿತು. ನವೆಂಬರಿನಲ್ಲಿ, ಇದನ್ನು ಮಕ್ಕಳ ಆಸ್ಪತ್ರೆ ಮಾಡುತ್ತೇವೆ, ಪುಸ್ತಕಗಳನ್ನು ಬೇರೆಡೆ ಸಾಗಿಸುತ್ತೇವೆ ಎಂಬ ಪ್ರಕಟಣೆ ಬಂತು. ಮಕ್ಕಳ ಆಸ್ಪತ್ರೆ ಬೇಡವೆಂದು ಯಾರು ತಾನೆ ಹೇಳುತ್ತಾರೆ! ಆದರೂ ಓದುಗರು, ಲೇಖಕರು, ವಕೀಲರು ಸುಮ್ಮನಿರಲಿಲ್ಲ. ಮದರಾಸು ಉಚ್ಚ ನ್ಯಾಯಾಲಯ ದಿನಗಳೊಳಗೆ ತಡೆಯಾಜ್ಞೆ ಕೊಟ್ಟಿತು, ಗ್ರಂಥಾಲಯ ಉಳಿಯಿತು. ನಮ್ಮದು ಎನ್ನುವವರು ಇದ್ದುದರಿಂದ ಉಳಿಯಿತು. ಎಗ್ಮೋರಿನ ಕನ್ನಡ ಕಪಾಟನ್ನು ನಾಳೆ ಜಾಗ ಸಾಲದೆಂದು ಕಟ್ಟು ಕಟ್ಟಿ ನೆಲಮಾಳಿಗೆಗೆ ಸಾಗಿಸಿದರೆ ನ್ಯಾಯಾಲಯದ ಮಾತಿರಲಿ, ಒಂದು ಪೋಸ್ಟ್ ಕಾರ್ಡು ಬರೆಯುವವರು ಯಾರಿದ್ದಾರೆ?

"ನಮಗೆ ನಮ್ಮ ಸಂಘದ ಗ್ರಂಥಾಲಯ ಇದೆಯಲ್ಲ" ಎಂಬ ಉತ್ತರ ಬರುವುದು ಗೊತ್ತು. ಹೊರನಾಡಿನ ಸಂಘಗಳ ಗ್ರಂಥಾಲಯಗಳನ್ನು ಹಗುರವಾಗಿ ಕಾಣುವ ಉದ್ದೇಶ ನಮಗಿಲ್ಲ. ಕನ್ನಡ ಪುಸ್ತಕದ ಮುಖವೇ ಕಾಣದ ಊರುಗಳಲ್ಲಿ ಅವು ಮಾಡಿದ ಕೆಲಸ ದೊಡ್ಡದು. ಆದರೆ ಇದ್ದದ್ದನ್ನು ಇದ್ದಂತೆ ಹೇಳಬೇಕಾದರೆ, ಬಹಳ ಕಡೆ ಅದು ಸಭಾಂಗಣದ ಮೂಲೆಯ ಎರಡು ಉಕ್ಕಿನ ಬೀರು. ಬೀಗದ ಕೈ ಕಾರ್ಯದರ್ಶಿಗಳ ಮನೆಯಲ್ಲಿ, ಕಾರ್ಯದರ್ಶಿಗಳು ಮಗಳ ಮನೆಯಲ್ಲಿ. ಒಬ್ಬ ನಿಷ್ಠಾವಂತರ ಹೆಗಲ ಮೇಲೆ ಇಪ್ಪತ್ತು ವರ್ಷ ನಡೆಯುತ್ತದೆ, ಅವರ ಮಂಡಿ ಸೋತ ದಿನ ನಿಲ್ಲುತ್ತದೆ. ಪುಸ್ತಕಗಳು ಬರುವುದು ದಾನದಿಂದ. ದಾನ ಬರುವುದು ಹಿರಿಯರೊಬ್ಬರು ತೀರಿಕೊಂಡು ಮಕ್ಕಳು ಮನೆ ಖಾಲಿ ಮಾಡುವಾಗ. ಹೀಗಾಗಿ ಒಂದೇ ಕಾದಂಬರಿಯ ಐದು ಪ್ರತಿ ಇರುತ್ತವೆ, ಕಳೆದ ಹತ್ತು ವರ್ಷಗಳಲ್ಲಿ ಬಂದ ಮಕ್ಕಳ ಪುಸ್ತಕ ಒಂದೂ ಇರುವುದಿಲ್ಲ. ರಂಗನಾಥನ್ನರ ಐದನೆಯ ಸೂತ್ರ ಗ್ರಂಥಾಲಯವನ್ನು ಬೆಳೆಯುವ ಜೀವಿಗೆ ಹೋಲಿಸುತ್ತದೆ. ಬೀರು ಬೆಳೆಯುವುದಿಲ್ಲ. ವರ್ಷವರ್ಷ ಹಣ, ಸಂಬಳದ ನೌಕರ, ದಿನಾ ತೆರೆಯುವ ಬಾಗಿಲು - ಈ ಮೂರೂ ಇರುವುದು ಸಾರ್ವಜನಿಕ ಗ್ರಂಥಾಲಯದಲ್ಲಿ ಮಾತ್ರ. ಅವುಗಳಿಗೆ ಹಣ ಕೊಟ್ಟೂ ಅತ್ತ ಕಾಲಿಡದೆ, ಇತ್ತ ಬೀರುವಿಗೆ ಚಂದಾ ಎತ್ತುವುದು ಲೆಕ್ಕ ಬಲ್ಲವರ ಕೆಲಸವಲ್ಲ.

ಇನ್ನು ಮೊಬೈಲಿನ ವಾದ. ಸಾವಿರಗಟ್ಟಲೆ ಹಳೆಯ ಕನ್ನಡ ಪುಸ್ತಕಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ, ನಿಜ, ಅದು ದೊಡ್ಡ ಉಪಕಾರ. ಆದರೆ ಅಲ್ಲಿ ಹುಡುಕಬೇಕಾದರೆ ಹೆಸರು ಮೊದಲೇ ಗೊತ್ತಿರಬೇಕು. ಚೆನ್ನೈಯಲ್ಲಿ ಹುಟ್ಟಿದ ಹುಡುಗಿಗೆ ರಾಜರತ್ನಂ ಯಾರೆಂದು ಗೊತ್ತಿಲ್ಲದಿದ್ದರೆ ಏನೆಂದು ಬರೆದು ಹುಡುಕಿಯಾಳು? ಕಪಾಟಿನ ಮುಂದೆ ನಿಂತವಳಿಗೆ ಬೇಕಾದ ಪುಸ್ತಕದ ಪಕ್ಕದ್ದೂ ಕಣ್ಣಿಗೆ ಬೀಳುತ್ತದೆ.

ಆದಕಾರಣ ಮಾಡಬೇಕಾದದ್ದು ಅಂಥ ಘನಂದಾರಿ ಕೆಲಸವೇನಲ್ಲ. ತಿಂಗಳಿಗೊಮ್ಮೆ ಸಂಘದಲ್ಲಿ ಸೇರುವ ಮಕ್ಕಳ ಕನ್ನಡ ತರಗತಿಯನ್ನು ವರ್ಷದಲ್ಲಿ ಒಂದೆರಡು ಸಲ ಕನ್ನಿಮಾರಾಕ್ಕೋ ಅಣ್ಣಾ ಗ್ರಂಥಾಲಯದ ಮಕ್ಕಳ ಅಂತಸ್ತಿಗೋ ಕರೆದೊಯ್ಯಬಹುದು. ನಿಮ್ಮ ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ ಸದಸ್ಯರಾಗಬಹುದು. ಒಬ್ಬರು ಹೋಗಿ "ಕನ್ನಡ ಪುಸ್ತಕ ತರಿಸಿ" ಎಂದರೆ ನಗುತ್ತಾರೆ, ಒಂದೇ ಬಡಾವಣೆಯ ಇಪ್ಪತ್ತು ಸದಸ್ಯರು ಸಹಿ ಹಾಕಿ ಕೊಟ್ಟರೆ ಕಡತವೊಂದು ಹುಟ್ಟುತ್ತದೆ. ಕನ್ನಡದ ಪ್ರಕಾಶಕರ ಪರಿಚಯವಿರುವವರು, ಎಗ್ಮೋರಿಗೆ ಹೋಗಬೇಕಾದ ಪ್ರತಿ ಹೋಗಿದೆಯೇ ಎಂದು ಒಂದು ಮಾತು ಕೇಳಬಹುದು. ಓದುಗರು ಬೇಕಾದ ಪುಸ್ತಕ ಬರೆದಿಡಲು ಗ್ರಂಥಾಲಯಗಳಲ್ಲಿ ಸಾಮಾನ್ಯವಾಗಿ ಒಂದು ಸಲಹಾ ಪುಸ್ತಕವಿರುತ್ತದೆ, ಕೇಳಿದರೆ ತೆಗೆದು ಕೊಡುತ್ತಾರೆ. ಅದರಲ್ಲಿ ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರ ವಿಳಾಸ, ಬೆಲೆ ಇಷ್ಟನ್ನೂ ಸ್ಪಷ್ಟವಾಗಿ ಬರೆಯಿರಿ. ಕನ್ನಡದಲ್ಲಿ ಬರೆದ ಕೆಳಗೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇನ್ನೊಮ್ಮೆ ಬರೆಯುವುದು ಒಳ್ಳೆಯದು. ತರಿಸುವ ಗುಮಾಸ್ತರಿಗೆ ನಮ್ಮ ಲಿಪಿ ಬರುತ್ತದೆಂಬ ಭರವಸೆಯಿಲ್ಲ.